ಪಾಯಿಂಟಮ್ಮನ ಮುಂದೆ ಶೂ ಬಿಚ್ಚಬಾರದು

೧

ಈ ಕಥೆಯನ್ನು ಸೈರನ್ನಿನಿಂದ ಶುರು ಮಾಡಬೇಕು ಅಂತಿದ್ದೆ. "ಸೈರನ್ ಕೂಗಿತು." ಎರಡೇ ಪದ. ಓದುತ್ತಿರುವವರು ಎದ್ದು ಕೂರುತ್ತಾರೆ, ಮುಂದೇನು ಅಂತ ಪುಟ ತಿರುಗಿಸುತ್ತಾರೆ ಎಂಬ ಲೆಕ್ಕಾಚಾರ. ಆದರೆ ಗೇಟಿನಲ್ಲೇ ತಡೆದರು.

"ಸಾ, ಅಂಗೆಲ್ಲ ನುಗ್ಗಂಗಿಲ್ಲ. ಈ ಪುಸ್ತಕದಲ್ಲಿ ಎಸ್ರು ಬರೀರಿ" ಅಂದ ಸೆಕ್ಯುರಿಟಿ ಲಕ್ಕಯ್ಯ.

"ನಾನು ಕಥೆಗಾರ ಕಣಪ್ಪ. ಈ ಫ್ಯಾಕ್ಟರೀನ ಕಟ್ಟಿದ್ದೇ ನಾನು. ನಿನ್ನೆ ಸಾಯಂಕಾಲ, ಕಾಫಿ ಕುಡೀತಾ."

"ಕಟ್ಟಿದೋರೂ ಬರೀಬೇಕು ಸಾ. ಯಶೋಧರಾ ಮೇಡಂ ರೂಲ್ಸು. ಜೊತೇಲಿ ಯಾರಾರ ಅವ್ರಾ?"

"ಓದುಗರು ಇದ್ದಾರೆ."

"ಎಷ್ಟು ಜನ?"

"ಕನ್ನಡ ಪುಸ್ತಕ ಅಲ್ವೇನಪ್ಪ. ಹೆಚ್ಚೇನಿರಲ್ಲ."

"ಅಂಗಾರೆ ಒಂದು ಅಂತ ಬರ್ಕತೀನಿ" ಅಂದು ಲಕ್ಕಯ್ಯ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲು ತುಂಬಿದ. ಇಬ್ಬರಿಗೂ ಒಂದೊಂದು ಹೆಲ್ಮೆಟ್ಟು, ಒಂದೊಂದು ಜೊತೆ ಲೇಸಿನ ಸೇಫ್ಟಿ ಶೂ ಕೊಟ್ಟ. ವಾಪಸ್ ಹೋಗುವಾಗ ಕೊಟ್ಟು ಸಹಿ ಮಾಡಿ ಹೋಗಬೇಕಂತೆ. (ಆ ಒಬ್ಬರು ನೀವೇ. ಹೆಲ್ಮೆಟ್ಟು ದೊಡ್ಡದಾದರೆ ಹಿಂದೆ ಒಂದು ತಿರುಪು ಇದೆ, ತಿರುಗಿಸಿಕೊಳ್ಳಿ.)

೨

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ಎಡಗಡೆಗೆ, ಶುಂಠಿ ಹೊಲ ಮುಗಿದು ಜೋಳದ ಹೊಲ ಶುರುವಾಗುವ ಕಡೆ ಈ ಫ್ಯಾಕ್ಟರಿ. (ಹುಡುಕಿಕೊಂಡು ಹೋಗಬೇಡಿ, ಬರೀ ಹೊಲ ಸಿಗುತ್ತದೆ.) ಸಿಹಿ ಜೋಳದ ಕಾಳು ಬಿಡಿಸಿ, ಹದವಾಗಿ ಬೇಯಿಸಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ ಪ್ಯಾಕೆಟ್ಟಿಗೆ ತುಂಬುವುದು ಇಲ್ಲಿನ ಕೆಲಸ. ಹೆಪ್ಪುಗಟ್ಟಿಸುವ ತಂಪು ಬರುವುದು ಅಮೋನಿಯಾದಿಂದ. ಪೈಪಿನೊಳಗೆ ಇರುವ ತನಕ ಅದರಷ್ಟು ಸಾಧು ಇನ್ನೊಂದಿಲ್ಲ. ಹೊರಗೆ ಬಂದರೆ ಕಣ್ಣು, ಮೂಗು, ಗಂಟಲು ಯಾವುದನ್ನೂ ಬಿಡುವುದಿಲ್ಲ. ಜಾಸ್ತಿ ಬಂದರೆ ಜೀವವನ್ನೂ ಬಿಡುವುದಿಲ್ಲ.

ಅದು ಹೊರಗೆ ಬರದಂತೆ, ಬಂದರೂ ಒಳಗೆ ಯಾರೂ ಉಳಿಯದಂತೆ ನೋಡಿಕೊಳ್ಳುವವಳು ಯಶೋಧರಾ. ಇಲ್ಲಿನ ಸೇಫ್ಟಿ ಆಫೀಸರ್. ಮೂವತ್ತೊಂದು ವರ್ಷ, ಅರಕಲಗೂಡು ಕಡೆಯ ಹಳ್ಳಿ, ಹಾಸನದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ., ಅದರ ಮೇಲೊಂದು ಸೇಫ್ಟಿ ಡಿಪ್ಲೊಮಾ. ಕುತ್ತಿಗೆಯಲ್ಲಿ ಸದಾ ಸ್ಟಾಪ್‌ವಾಚು. ಹೋದಲ್ಲೆಲ್ಲ ಬಾಗಿಲು ಎಷ್ಟು ಹೆಜ್ಜೆ ದೂರ ಅಂತ ಎಣಿಸುವ ಚಾಳಿ. ತಂಗಿ ಶಾಂತಿಯ ಮದುವೆಯಲ್ಲಿ ಊಟದ ಹಾಲಿಗೆ ಎರಡನೇ ಬಾಗಿಲಿಲ್ಲ ಅಂತ ಛತ್ರದವರ ಹತ್ತಿರ ಜಗಳಕ್ಕೆ ನಿಂತು, ಧಾರೆಯ ಹೊತ್ತಿಗೆ ಅಕ್ಕ ಎಲ್ಲಿ ಅಂತ ಎಲ್ಲರೂ ಹುಡುಕುವಂತೆ ಮಾಡಿದವಳು.

ಫ್ಯಾಕ್ಟರಿಯ ತುರ್ತು ಯೋಜನೆಯಲ್ಲಿ ಅವಳೇ ಕೈಯಾರೆ ಬರೆದ ಒಂದು ಅಂಕಿಯಿದೆ. ನಾಲ್ಕು ನಿಮಿಷ. ಸೈರನ್ ಕೂಗಿದ ನಾಲ್ಕು ನಿಮಿಷದೊಳಗೆ ಒಳಗಿರುವ ಪ್ರತಿಯೊಬ್ಬರೂ ಹೊಂಗೆ ಮರದ ಕೆಳಗಿನ ಅಸೆಂಬ್ಲಿ ಪಾಯಿಂಟಿಗೆ ಬಂದು ನಿಂತಿರಬೇಕು. ಗುರುವಾರ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಮಾಕ್ ಡ್ರಿಲ್ ನೋಡುವವರಿದ್ದರು. ಹೋದ ತಿಂಗಳು ಅವಳೇ ಮಾಡಿಸಿದ ಡ್ರಿಲ್ಲಿನಲ್ಲಿ ನೂರ ನಲವತ್ತಮೂರು ಜನ ಸೇರಲು ಹಿಡಿದದ್ದು ಆರು ನಿಮಿಷ ನಲವತ್ತು ಸೆಕೆಂಡು. ಅದಕ್ಕೆ ಕಾರಣ ಒಬ್ಬಳು ದೇವತೆ.

೩

ದೇವತೆ ಹುಟ್ಟಿದ್ದು ಹೀಗೆ.

ಹೋದ ವರ್ಷ ಒಂದು ಮಂಗಳವಾರ ಕಂಪ್ರೆಸರ್ ರೂಮಿನ ವಾಲ್ವ್ ಒಂದು ಸಡಿಲವಾಗಿ ಅಮೋನಿಯಾ ಸೋರಿತು. ಸಣ್ಣ ಸೋರಿಕೆ. ಯಶೋಧರಾ ಸೈರನ್ ಒತ್ತಿ, ಒದ್ದೆ ಬಟ್ಟೆ ಮುಖಕ್ಕೆ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿ ಕೂಗಿ ಎಲ್ಲರನ್ನೂ ಹೊಂಗೆ ಮರದ ಕೆಳಕ್ಕೆ ಓಡಿಸಿದಳು. ಅಲ್ಲೊಂದು ಹಸಿರು ಬೋರ್ಡು, ನಾಲ್ಕು ಮೂಲೆಯಿಂದ ನಾಲ್ಕು ಬಾಣ, ನಡುವೆ ನಾಲ್ಕು ಮನುಷ್ಯರ ಚಿತ್ರ. ಎಲ್ಲರೂ ಅದರ ಮುಂದೆ ಕೆಮ್ಮುತ್ತಾ ನಿಂತರು. ಒಬ್ಬರಿಗೂ ಏನೂ ಆಗಲಿಲ್ಲ.

ಮಾರನೇ ದಿನ ಜೋಳ ಆರಿಸುವ ಬೆಲ್ಟಿನ ರೇವಮ್ಮ ಬಂದು ಬೋರ್ಡಿನ ಕಂಬದ ಬುಡಕ್ಕೆ ಒಂದು ತೆಂಗಿನಕಾಯಿ ಒಡೆದಳು. ಐವತ್ತನಾಲ್ಕು ವರ್ಷದ ರೇವಮ್ಮನ ಮಾತಿಗೆ ಬೆಲ್ಟಿನ ಹೆಂಗಸರಷ್ಟೇ ಅಲ್ಲ, ಬೆಲ್ಟೂ ಹೆದರುತ್ತದೆ ಅಂತ ಫ್ಯಾಕ್ಟರಿಯಲ್ಲಿ ಹೇಳುತ್ತಾರೆ. ಮುಂದಿನ ಶುಕ್ರವಾರ ಹೇಮಾವತಿ ಹೊಳೆಯ ಒಂದು ನುಣುಪು ಕಲ್ಲು ಬಂದು ಕೂತಿತು. ಅದಕ್ಕೆ ಅರಿಶಿನ ಹತ್ತಿತು, ಬೆಳ್ಳಿ ಕಣ್ಣು ಬಂತು. ನೆಲದ ಮೇಲೆ ನಾಲ್ಕು ಬಾಣದ ರಂಗೋಲಿ ಬಂತು. ಸುತ್ತ ಬಳಿದಿದ್ದ ಹಳದಿ ಗೆರೆ ಗುಡಿಯ ಹೊಸಿಲಾಯಿತು. ಹೆಸರು ಯಾರಿಟ್ಟರೋ ಗೊತ್ತಿಲ್ಲ, ಪಾಯಿಂಟಮ್ಮ.

ಯಶೋಧರಾಗೆ ಬೇಜಾರಾಗದೆ ಇರಲಿಲ್ಲ. ಅವತ್ತು ಅವ್ವ ಮಲ್ಲಿಗಮ್ಮನಿಗೆ ಫೋನ್ ಮಾಡಿ ತೋಡಿಕೊಂಡಳು.

"ಕೂಗಾಡಿ ಜೀವ ಉಳಿಸಿದ್ದು ನಾನು. ಕಾಯಿ ಒಡೆದಿದ್ದು ಬೋರ್ಡಿಗೆ."

"ಮತ್ತೆ ನಿನ್ ತಲೆ ಮ್ಯಾಲೆ ಒಡೀಬೇಕಿತ್ತಾ? ಉಂಡ್ಯಾ?" ಅಂದಳು ಮಲ್ಲಿಗಮ್ಮ.

ಆಮೇಲೆ ಯಶೋಧರಾ ಅದನ್ನು ಮರೆತೇಬಿಟ್ಟಿದ್ದಳು. ಹೋದ ತಿಂಗಳು ಡ್ರಿಲ್ಲಿಗೆ ಸೈರನ್ ಒತ್ತುವ ತನಕ.

ಸೈರನ್ ಕೂಗಿತು. (ನೋಡಿ, ಕೊನೆಗೂ ತಂದೆ.) ಎಲ್ಲರೂ ಓಡಿಬಂದರು. ಹಳದಿ ಗೆರೆಯ ಹತ್ತಿರ ಬಂದವರೇ ಮೊದಲ ಸಾಲಿನವರು ಗಕ್ಕನೆ ನಿಂತು, ಬಗ್ಗಿ, ಶೂ ಲೇಸು ಬಿಚ್ಚತೊಡಗಿದರು. ಯಾರೂ ಹೇಳಿರಲಿಲ್ಲ. ದೇವರ ಜಾಗಕ್ಕೆ ಮೆಟ್ಟು ಹಾಕಿಕೊಂಡು ಹೋಗುವುದುಂಟೆ? ಹಿಂದಿನವರು ಅವರ ಹಿಂದೆ ನಿಂತರು, ಅವರ ಹಿಂದಿನವರು ಇನ್ನೂ ಹಿಂದೆ. ಕೊನೆಯ ನಲವತ್ತು ಜನ ಕೋಲ್ಡ್ ರೂಮಿನ ಪಕ್ಕದ ಕಿರಿದಾದ ಓಣಿಯಲ್ಲಿ ಸಿಕ್ಕಿಕೊಂಡರು. ಕಂಪ್ರೆಸರ್ ರೂಮಿನ ಗಾಳಿಕಿಂಡಿ ತೆರೆಯುವುದು ಆ ಓಣಿಗೇ. ನಿಜವಾಗಿ ಸೋರಿದ್ದರೆ ಅಮೋನಿಯಾ ಬರುವ ದಾರಿಯೂ ಅದೇ.

ಡ್ರಿಲ್ ಮುಗಿದ ಮೇಲೆ ಇನ್ನೂ ಅರ್ಧ ಗಂಟೆ ಕೆಲಸ ನಿಂತಿತು. ನೂರ ನಲವತ್ತಮೂರು ಜೊತೆ ಶೂ, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಕಂಪನಿಯವು. "ಎಂಟನೇ ನಂಬರು, ಎಡಗಾಲ್ದು ಯಾರ್ತಾವೈತ್ರಪ್ಪೋ" ಅಂತ ಒಬ್ಬ ಒಂದು ಕಾಲಲ್ಲಿ ಕುಂಟುತ್ತಾ ಕೇಳಿಕೊಂಡು ತಿರುಗುತ್ತಿದ್ದ.

ಯಶೋಧರಾ ನಗಲಿಲ್ಲ. ಓಣಿಯಲ್ಲಿ ನಿಂತಿದ್ದ ನಲವತ್ತು ಮುಖಗಳನ್ನೇ ನೋಡುತ್ತಿದ್ದಳು. ಅವಳಿಗೆ ಹೆದರಿಕೆಯಾಯಿತು.

೪

ಇಲ್ಲಿಂದ ಕಥೆ ತಾನಾಗಿಯೇ ಬರೆದುಕೊಳ್ಳುತ್ತದೆ ಅಂದುಕೊಂಡೆ. ಅವಳದು ಬುದ್ಧನನ್ನು ನಂಬುವ ಮನೆ, ಗೋಡೆಯ ಮೇಲೆ ಬುದ್ಧನ ಫೋಟೋ. ಎದುರಿಗೆ ಅರಿಶಿನದ ಕಲ್ಲು. ನಡುವೆ ನೂರ ನಲವತ್ತಮೂರು ಜನ. ವಿಚಾರಕ್ಕೂ ನಂಬಿಕೆಗೂ ಕುಸ್ತಿ, ಸೆಮಿನಾರಿನಲ್ಲಿ ಎರಡು ಪ್ರಬಂಧ ಗ್ಯಾರಂಟಿ. ಹುಮ್ಮಸ್ಸಿನಲ್ಲಿ ಐದು ಪುಟ ಬರೆದೆ. ಅದರಲ್ಲಿ ಯಶೋಧರಾ ಎರಡು ಪುಟ ಬರೀ ಭಾಷಣ ಮಾಡುತ್ತಿದ್ದಳು.

ಆರನೇ ಪುಟಕ್ಕೆ ಅವಳು ನನ್ನ ಪೆನ್ನನ್ನು ತಡೆದು ಹಿಡಿದಳು.

"ಸಾರ್, ಒಂದು ನಿಮಿಷ. ನಮ್ಮನೇಲಿ ಬುದ್ಧನ ಫೋಟೋ ಇದೆ ಅಂತ ನನ್ನನ್ನ ಈ ಕಲ್ಲಿನ ಎದುರು ಕುಸ್ತಿಗೆ ಬಿಡ್ತಾ ಇದೀರಾ?"

"ಹಾಗಲ್ಲಮ್ಮ, ಅದೊಂದು ಸಂಘರ್ಷ..."

"ನನಗೆ ಕಲ್ಲಿನ ಮೇಲೆ ಜಗಳ ಇಲ್ಲ ಸಾರ್. ಲೇಸಿನ ಮೇಲೆ ಜಗಳ. ಒಬ್ಬೊಬ್ಬರು ಬಿಚ್ಚೋಕೆ ಇಪ್ಪತ್ತು ಸೆಕೆಂಡು. ಅದನ್ನ ಬರೀರಿ."

ಇಪ್ಪತ್ತು ಸೆಕೆಂಡಿನ ಮೇಲೆ ಯಾರು ಪ್ರಬಂಧ ಮಂಡಿಸುತ್ತಾರೆ? ಐದೂ ಪುಟ ಹರಿದೆ.

೫

ಈ ಭಾಗ ಇಲ್ಲ. ಇಲ್ಲಿ ಒಂದು ಸಾವು ಇಟ್ಟಿದ್ದೆ.

ನಿಜ ಹೇಳುತ್ತೇನೆ, ಕಥೆಗೆ ತೂಕ ಬೇಕಿತ್ತು. ಬುಧವಾರ ಮಧ್ಯಾಹ್ನ ನಿಜವಾದ ಸೋರಿಕೆ, ಓಣಿಯಲ್ಲಿ ಸಿಕ್ಕಿಕೊಂಡ ಜನ, ಲೇಸಿಗೆ ಕೈ ಹಾಕಿದಂತೆಯೇ ಕುಸಿದ ಒಬ್ಬ ಮನುಷ್ಯ. ಹೆಸರು ಕೂಡ ಇಟ್ಟಿದ್ದೆ, ನಟರಾಜು ಅಂತ. ಯಶೋಧರಾ ಅದನ್ನು ಓದಿದಳು. ಅಲ್ಲಿಯವರೆಗೆ ನನ್ನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡಿರಲಿಲ್ಲ.

"ಇದನ್ನ ತೆಗೀರಿ."

"ಸಾವಿಲ್ಲದಿದ್ದರೆ ಕಥೆಯಲ್ಲಿ ಏನೂ ಆಗಲ್ಲಮ್ಮ."

"ಏನೂ ಆಗದೇ ಇರೋದೇ ನನ್ನ ಕೆಲಸ ಸಾರ್. ನೀವು ಬರೆದಿದ್ದೀರಲ್ಲ, ಈ ಪ್ಯಾರಾ ಬರದೇ ಇರೋ ಹಾಗೆ ನೋಡ್ಕೊಳ್ಳೋಕೇ ನನಗೆ ಸಂಬಳ ಕೊಡೋದು."

"ಏನೂ ಆಗದ ಕಥೇನ ಯಾರು ಓದ್ತಾರೆ?"

"ನಟರಾಜು ಮನೆಯವರು ಓದ್ತಾರೆ" ಅಂದಳು.

ಅವಳು ಡ್ರಾಯರಿನಿಂದ ಒಂದು ಹಳದಿ ಫಾರಂ ತೆಗೆದಳು. ಅಪಾಯದ ಕೆಲಸ ಮಾಡುವ ಮೊದಲು ತುಂಬಬೇಕಾದ ವರ್ಕ್ ಪರ್ಮಿಟ್. ಕೆಲಸದ ವಿವರ: ಕಥೆ ಬರೆಯುವುದು. ಸ್ಥಳ: ಫ್ಯಾಕ್ಟರಿ ಆವರಣ. ಮುನ್ನೆಚ್ಚರಿಕೆ: ಯಾರನ್ನೂ ಸಾಯಿಸಬಾರದು, ಯಾರ ಕೈಕಾಲನ್ನೂ ಮುರಿಯಬಾರದು. ಅವಧಿ: ಗುರುವಾರ ಡ್ರಿಲ್ ಮುಗಿಯುವ ತನಕ. ಎರಡು ಕಡೆ ಸಹಿ ಹಾಕಿಸಿಕೊಂಡಳು. (ನಟರಾಜು ಈಗ ಕಂಪ್ರೆಸರ್ ರೂಮಿನ ಹೊರಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದಾನೆ. ಅವನಿಗೆ ಈ ವಿಷಯ ಗೊತ್ತಿಲ್ಲ, ಹೇಳಬೇಡಿ.)

೬

ಅವಳು ಮಾಡಿದ ಪ್ರಯತ್ನಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ, ಗುರುವಾರ ಹತ್ತಿರ ಬರುತ್ತಿದೆ.

"ತುರ್ತು ಸಮಯದಲ್ಲಿ ಶೂ ಬಿಚ್ಚಬಾರದು" ಎಂದು ಕೆಂಪಕ್ಷರದ ಬೋರ್ಡು ಹಾಕಿಸಿದಳು. ಶುಕ್ರವಾರ ಅದಕ್ಕೂ ಕುಂಕುಮ ಹತ್ತಿತ್ತು.

ಲೇಸಿಲ್ಲದ ಶೂ ಕೇಳಿದಳು. ಮ್ಯಾನೇಜರ್ ಚಲುವನಾರಾಯಣ ಮುಂದಿನ ತಿಂಗಳು ನೋಡೋಣ ಅಂದರು. ಹೊಳೆನರಸೀಪುರದವರು, ದೇವಸ್ಥಾನದ ಬೀದಿಯಲ್ಲಿ ಹುಟ್ಟಿ ಬೆಳೆದವರು, ಒಳ್ಳೆಯವರು. ವರ್ಷಾ ವರ್ಷ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವವರು. ಸೈರನ್ ಶ್ರುತಿ ಸ್ವಲ್ಪ ಇಳಿದಿದೆ ಎಂಬುದು ಅವರ ಬಹುದಿನದ ದೂರು. "ಕಲ್ಲಿನ ತಂಟೆಗೆ ಮಾತ್ರ ಹೋಗಬೇಡಿ ಯಶೋಧರಾ ಅವರೇ. ಇಟ್ಟಿದ್ದು ಸುಲಭ, ಎತ್ತೋದು ಕಷ್ಟ" ಅಂದರು. ಅವರೂ ದಿನಾ ಬೆಳಿಗ್ಗೆ ದೂರದಿಂದಲೇ ಕೈಮುಗಿದು ಆಫೀಸಿಗೆ ಹೋಗುತ್ತಿದ್ದರು.

ಕಲ್ಲು ಅಲ್ಲೇ ಇರಲಿ ಅಂತ ಅಸೆಂಬ್ಲಿ ಪಾಯಿಂಟಿನ ಹಸಿರು ಬೋರ್ಡನ್ನೇ ಲಾರಿ ನಿಲ್ಲಿಸುವ ಜಾಗಕ್ಕೆ ಒಯ್ದಳು. ಲಾರಿಗಳು ಹಿಂದೆ ಮುಂದೆ ಮಾಡುವ ಜಾಗ, ಅವಳಿಗೇ ಅದು ಅಷ್ಟಕ್ಕಷ್ಟೆ. ಎರಡು ದಿನ ಎಲ್ಲರಿಗೂ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಸೋಮವಾರ ಸೈರನ್ ಒತ್ತಿದಳು. ನೂರ ನಲವತ್ತಮೂರು ಜನರ ಕಾಲುಗಳು ಹೊಂಗೆ ಮರದ ಕಡೆಗೇ ಓಡಿದವು. ಅರ್ಧ ದಾರಿಯಲ್ಲಿ ನೆನಪಾಗಿ ಕೆಲವರು ತಿರುಗಿದರು, ಉಳಿದವರು ಅವರಿಗೆ ಡಿಕ್ಕಿ ಹೊಡೆದರು. ಏಳು ನಿಮಿಷ ಹತ್ತು ಸೆಕೆಂಡು. ಮನುಷ್ಯ ಹೆದರಿದಾಗ ಬೋರ್ಡು ಓದಿಕೊಂಡು ಓಡುವುದಿಲ್ಲ, ಹೋದ ಸಲ ಎಲ್ಲಿ ಬದುಕಿದನೋ ಅಲ್ಲಿಗೆ ಓಡುತ್ತಾನೆ ಅಂತ ಅವಳಿಗೆ ಆಗ ಅರ್ಥವಾಯಿತು. ಸಂಜೆಯೇ ಬೋರ್ಡನ್ನು ಮೊದಲಿನ ಜಾಗಕ್ಕೆ ವಾಪಸ್ ನೆಡಿಸಿದಳು.

ಮಂಗಳವಾರ ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದುಕೊಂಡು ಹೋಗಿ ರೇವಮ್ಮನ ಪಕ್ಕ ಕೂತಳು. ಓಣಿಯ ವಿಷಯ ಹೇಳಿದಳು. ಗಾಳಿಕಿಂಡಿಯ ವಿಷಯ ಹೇಳಿದಳು. ಕೊನೆಯ ನಲವತ್ತು ಜನರಲ್ಲಿ ಇಪ್ಪತ್ತೆಂಟು ಜನ ರೇವಮ್ಮನ ಬೆಲ್ಟಿನ ಹೆಂಗಸರೇ ಅಂತಲೂ ಹೇಳಿದಳು.

ರೇವಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

"ಇದ್ನ ಮೊದ್ಲೇ ಯೋಳ್ಬಾರ್ದಾ ಮೇಡಂ?"

"ಟ್ರೈನಿಂಗಲ್ಲಿ ಹೇಳಿದ್ನಲ್ಲ ರೇವಕ್ಕ, ಪರದೆ ಮೇಲೆ ಚಿತ್ರ ಬಿಟ್ಟು."

"ಅಲ್ಲಿ ಕತ್ಲೆ ಮಾಡಿ ಫ್ಯಾನ್ ಆಕ್ತೀರಿ. ನಿದ್ದೆ ಬತ್ತದೆ" ಅಂದಳು ರೇವಮ್ಮ. "ಮೆಟ್ ಬಿಚ್ಚಿ ಅಂತ ಪಾಯಿಂಟಮ್ಮ ಕೇಳಿರ್ನಿಲ್ಲ. ನಾವೇ ಮಾಡ್ಕಂಡಿದ್ದು. ನಾಳೀಕೆ ಅವ್ಳನ್ನೇ ಕೇಳನ, ತಡೀರಿ."

ಕೇಳುವುದೆಂದರೆ ಹೂವಿನ ಅಪ್ಪಣೆ. ಕಲ್ಲಿನ ಎಡಕ್ಕೊಂದು ಬಲಕ್ಕೊಂದು ಒದ್ದೆ ಸೇವಂತಿಗೆ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ.

ಬುಧವಾರ ಊಟ ಬಿಟ್ಟು ಎಲ್ಲರೂ ಮರದ ಸುತ್ತ ನೆರೆದರು. ಯಶೋಧರಾ ಶೂ ಬಿಚ್ಚಿ ಮುಂದೆ ನಿಂತಳು. ಅವಳಿಗೆ ಹೂವಿನಲ್ಲಿ ನಂಬಿಕೆಯಿಲ್ಲ, ಆದರೂ ಬಲಗಡೆಯ ಹೂವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ನನ್ನ ಕಡೆಗೂ ಒಮ್ಮೆ ನೋಡಿದಳು. ನನಗೆ ಕಷ್ಟಕ್ಕೆ ಬಂತು. ನಾನು ಬರೆದರೆ ಬಲಗಡೆಯದು ಬೀಳುತ್ತದೆ, ಒಂದೇ ಸಾಲು. ಆದರೆ ಅದು ಮೋಸ ಅಂತ ನಿಮಗೂ ಗೊತ್ತಾಗುತ್ತದೆ, ಪಾಯಿಂಟಮ್ಮನಿಗೂ ಗೊತ್ತಾಗುತ್ತದೆ. ಕೈ ಕಟ್ಟಿ ಕೂತೆ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಎರಡು ಹೂವೂ ಅಲ್ಲಾಡಲಿಲ್ಲ.

"ಹಾಸನದ ಬೂವನಹಳ್ಳಿ ಏರ್‌ಪೋರ್ಟಿಗೆ ವಿಮಾನ ಬರಲಿ ಅಂತ ಇಷ್ಟು ವರ್ಷ ಕಾದಿದೀವಿ, ಒಂದು ಹೂವಿಗೆ ಕಾಯಕ್ಕಾಗಲ್ವೇ?" ಅಂದರು ಚಲುವನಾರಾಯಣ, ಗಡಿಯಾರ ನೋಡುತ್ತಾ. ಕೆಲಸದ ಬೆಲ್ಲು ಹೊಡೆಯಿತು. ಹೂವು ಬೀಳಲಿಲ್ಲ. ಯಶೋಧರಾಳ ಮುಖ ಸಪ್ಪಗಾಯಿತು. ಆಯಿತು, ನಾಳೆ ಮತ್ತೆ ಆರು ನಿಮಿಷ ನಲವತ್ತು ಸೆಕೆಂಡು ಅಂದುಕೊಂಡಳು.

ಆಗ ರೇವಮ್ಮ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾಕ್ ಮಾತಾಡ್ತಿಲ್ಲ ಗೊತ್ತಾ ಅವ್ಳು? ಇದು ಕೇಳೋ ಮಾತೇ ಅಲ್ಲ ಅಂತ. ಮಗ ನಾಯಿ ಅಟ್ಟುಸ್ಕಂಡು ಬಂತು ಅಂತ ಓಡ್ಬಂದ್ರೆ ಯಾವ ತಾಯಿ ಕಾಲ್ ತೊಳ್ಕಂಡು ಒಳೀಕೆ ಬಾ ಅಂದಾಳು? ಸೈರನ್ ಆದ್ರೆ ಮೆಟ್ ಆಕ್ಕಂಡೇ ಬರದು. ಸೈರನ್ ಇಲ್ದಾಗ ಬಿಚ್ಚಿ ಬರದು. ಅಷ್ಟೇ ಕಣ್ರವ್ವ. ನಡೀರಿ, ಬೆಲ್ಟ್ ಬಿಡ್ತಾರೆ."

ಯಾರೂ ಎದುರಾಡಲಿಲ್ಲ. ಯಶೋಧರಾ ಆಫೀಸಿಗೆ ಓಡಿಹೋಗಿ ತುರ್ತು ಯೋಜನೆಯಲ್ಲಿ ಆ ಮಾತನ್ನು ಹಾಗೇ ಸೇರಿಸಿದಳು, ತಾಯಿ, ಮಗ, ನಾಯಿಯನ್ನು ಬಿಟ್ಟು. ಚಲುವನಾರಾಯಣ ಮೇಲೊಂದು ಶ್ರೀಕಾರ ಹಾಕಿ ಸಹಿ ಮಾಡಿದರು. ನಿಜ ಹೇಳಬೇಕೆಂದರೆ ನನ್ನ ಕಣ್ಣು ತೇವವಾಯಿತು. ಯಾಕೆಂದರೆ ಆ ಮಾತು ನಾನು ಬರೆದದ್ದಲ್ಲ, ರೇವಮ್ಮನೇ ಆಡಿದ್ದು.

೭

ಗುರುವಾರ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಸಿದ್ದೇಶ್ವರ ಬಂದರು. ಗಂಭೀರ ಮನುಷ್ಯ, ಕೈಯಲ್ಲಿ ಫೈಲು. ಒಳಗಿರುವವರ ಪಟ್ಟಿ ಲಕ್ಕಯ್ಯನ ಹತ್ತಿರ: ಫ್ಯಾಕ್ಟರಿಯವರು ನೂರ ನಲವತ್ತಮೂರು, ಇನ್ಸ್‌ಪೆಕ್ಟರ್ ಒಬ್ಬರು, ಓದುಗರು ಒಬ್ಬರು, ಕಥೆಗಾರ ಒಬ್ಬ. ಒಟ್ಟು ನೂರ ನಲವತ್ತಾರು.

ಸೈರನ್ ಕೂಗಿತು. ಈ ಸಲ ನಾನು ಏನೂ ಮಾಡಲಿಲ್ಲ, ಯಶೋಧರಾಳೇ ಒತ್ತಿದ್ದು.

ಬೆಲ್ಟು ನಿಂತಿತು. ಹೆಂಗಸರು ಓಣಿ ದಾಟಿದರು, ಹಳದಿ ಗೆರೆ ಬಂತು, ಒಬ್ಬಳೂ ಬಗ್ಗಲಿಲ್ಲ. ದಡದಡ ಅಂತ ಶೂ ಸಮೇತ ಪಾಯಿಂಟಮ್ಮನ ಅಂಗಳಕ್ಕೆ ನುಗ್ಗಿದರು. ರಂಗೋಲಿಯ ಬಾಣಗಳು ಅಳಿಸಿಹೋದವು. ನಟರಾಜು ಬಂದ, ಚಲುವನಾರಾಯಣ ಏದುಸಿರು ಬಿಡುತ್ತಾ ಬಂದರು. ನೀವೂ ಬಂದಿರಿ, ಹೆಲ್ಮೆಟ್ಟು ಹಿಡಿದುಕೊಂಡು, ಚೆನ್ನಾಗಿಯೇ ಓಡಿದಿರಿ. ಗೆರೆಯ ಹತ್ತಿರ ಅಡ್ಡ ನಿಂತಿದ್ದವರು ಒಬ್ಬರೇ. ಇನ್ಸ್‌ಪೆಕ್ಟರು. ಬೆಳ್ಳಿಯ ಕಣ್ಣು ಕಂಡವರೇ ಫೈಲನ್ನು ಕಂಕುಳಿಗೆ ಸಿಕ್ಕಿಸಿ ಲೇಸಿಗೆ ಕೈ ಹಾಕಿದ್ದರು.

"ಸಾ, ಸೈರನ್ ಕೂಗ್ತಾ ಐತೆ. ಮೆಟ್ ಆಕ್ಕಂಡೇ ಬನ್ನಿ. ಅವ್ಳೇನೂ ಅನ್ನಕ್ಕಿಲ್ಲ" ಅಂದಳು ರೇವಮ್ಮ.

ಅವರು ಕಿವಿಯವರೆಗೆ ಕೆಂಪಾಗಿ ಒಳಗೆ ಬಂದರು. ಲಕ್ಕಯ್ಯ ಎಣಿಸಿದ. ಯಶೋಧರಾ ವಾಚು ನೋಡಿದಳು. ಮೂರು ನಿಮಿಷ ಹದಿನೈದು ಸೆಕೆಂಡು. ಅವಳ ಮುಖ ಅರಳಿತು, ಬೆರಳು ವಾಚಿನ ಗುಂಡಿಯ ಮೇಲೆ ಹೋಯಿತು.

"ಮೇಡಂ, ನೂರ ನಲವತ್ತೈದೇ ಇರದು" ಅಂದ ಲಕ್ಕಯ್ಯ. "ಒಂದು ಕಮ್ಮಿ."

ಬೆರಳು ಅಲ್ಲೇ ನಿಂತಿತು. ವಾಚು ಓಡುತ್ತಿತ್ತು.

೮

ಕಮ್ಮಿ ಇದ್ದದ್ದು ನಾನು.

ಹಳದಿ ಗೆರೆಯ ಆಚೆ, ಒಂದು ಮೊಣಕಾಲೂರಿ ಕೂತಿದ್ದೆ. ಕೈಯಲ್ಲಿ ಲೇಸು. ದೇವರಾಣೆಗೂ ನನಗೆ ಗೊತ್ತಾಗಲಿಲ್ಲ. (ನೋಡಿದಿರಾ, ದೇವರಾಣೆ ಅಂದೆ.) ಆ ಕಲ್ಲನ್ನು ಮೂರನೇ ಭಾಗದಲ್ಲಿ ನಾನೇ ಹೊಳೆಯಿಂದ ತಂದಿಟ್ಟವನು. ಬೆಳ್ಳಿ ಕಣ್ಣು ನಾನೇ ಅಂಟಿಸಿದ್ದು. ಇಡೀ ಕಥೆ ಇವರನ್ನು ನೋಡಿ ನಗುತ್ತಾ ಬಂದವನು ಗೆರೆ ಕಂಡ ತಕ್ಷಣ ಬಗ್ಗಿದ್ದೆ. ಎಡಗಾಲಿನದು ಬಿಚ್ಚಿಯಾಗಿದೆ, ಬಲಗಾಲಿನದು ಗಂಟು ಬಿದ್ದು ಕೂತಿದೆ.

ಇಲ್ಲಿಗೆಂದು ಮೂರು ಮುಕ್ತಾಯ ಇಟ್ಟುಕೊಂಡಿದ್ದೆ. ಒಂದರಲ್ಲಿ ಡ್ರಿಲ್ ಪಾಸಾಗಿ ಯಶೋಧರಾ ಪಾಯಿಂಟಮ್ಮನಿಗೆ ಒಂದು ಸೇವಂತಿಗೆ ಇಡುತ್ತಾಳೆ. ಅವಳು ಒಪ್ಪಲಿಲ್ಲ. ಎರಡನೆಯದರಲ್ಲಿ ರೇವಮ್ಮ ಯಶೋಧರಾಳ ಹೆಲ್ಮೆಟ್ಟಿಗೆ ಕುಂಕುಮ ಇಡುತ್ತಾಳೆ. ಅದನ್ನು ರೇವಮ್ಮ ಒಪ್ಪಲಿಲ್ಲ, "ಅವ್ರಿಗೆ ಸೇರಕ್ಕಿಲ್ಲ, ಬ್ಯಾಡ" ಅಂದಳು. ಮೂರನೆಯದರಲ್ಲಿ ಊರೂರಿನ ಫ್ಯಾಕ್ಟರಿಗಳಿಗೆ ಪಾಯಿಂಟಮ್ಮ ಹಬ್ಬಿ, ಚನ್ನರಾಯಪಟ್ಟಣದಲ್ಲಿ ಅವಳ ತಂಗಿ ಹುಟ್ಟುತ್ತಾಳೆ. ಅದೂ ಅಷ್ಟೇನೂ ಕೆಟ್ಟದ್ದಲ್ಲ. ಬೇರೆ ಯಾವುದಾದರೂ ಹೊಳೆಯುತ್ತದೇನೋ ಅಂತ ಲೇಸು ಹಿಡಿದುಕೊಂಡೇ ಯೋಚಿಸುತ್ತಿದ್ದೆ.

"ಮೂರೂ ನಲವತ್ತು" ಅಂದಳು ಯಶೋಧರಾ.

"ನಾನು ವಾಕ್ಯ ಮುಗಿಸದಿದ್ದರೆ ಸಮಯ ಮುಂದೆ ಹೋಗಲ್ಲಮ್ಮ. ಕಥೆಯ ನಿಯಮ ಅದು."

"ಅದು ನಿಮ್ಮ ಪುಸ್ತಕದಲ್ಲಿ. ನನ್ನ ವಾಚಲ್ಲಿ ಓಡ್ತಾನೇ ಇದೆ. ಮೂರೂ ನಲವತ್ನಾಲ್ಕು."

ನೂರ ನಲವತ್ತೈದು ಜನ ನನ್ನನ್ನೇ ನೋಡುತ್ತಿದ್ದರು, ನೀವೂ ಸೇರಿ. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಲಕ್ಕಯ್ಯ ನನ್ನ ಹೆಸರನ್ನು ಎರಡನೇ ಸಲ ಕೂಗಿದ. ಇವರ್ಯಾರೂ ನನ್ನ ಮೇಲೆ ಸಿಟ್ಟಾಗಿರಲಿಲ್ಲ, ಹೆದರಿದ್ದರು. ಸೈರನ್ ಸುಳ್ಳು ಅಂತ ಎಲ್ಲರಿಗೂ ಗೊತ್ತು, ಆದರೂ ಹೆದರಿದ್ದರು, ಗೆರೆಯ ಆಚೆ ಒಬ್ಬ ಉಳಿದಿದ್ದಾನೆ ಅಂತ. ನನ್ನ ಮೂರೂ ಮುಕ್ತಾಯಗಳಲ್ಲಿ ಇದು ಇರಲಿಲ್ಲ.

"ಬಾರಪ್ಪ, ಬಾ. ಅಂಗೇ ಬಾ. ಲೇಸು ತುಳ್ಕಂಡು ಬಿದ್ದೀಯ, ಜ್ವಾಕೆ" ಅಂದಳು ರೇವಮ್ಮ, ಕೈ ಚಾಚಿ.

ಎದ್ದು ನಿಂತೆ. ಆದರೂ ಅಭ್ಯಾಸ, ಕೊನೆಯ ಸಾಲು ಏನಿರಬೇಕು ಅಂತ ಮನಸ್ಸು ಇನ್ನೂ ಹುಡುಕುತ್ತಲೇ ಇತ್ತು. ಯಶೋಧರಾಗೆ ಅದು ಗೊತ್ತಾಗಿಹೋಯಿತು.

"ಸಾರ್" ಅಂದಳು, "ಕಥೆ ಆಮೇಲೆ ಮುಗಿಸೋರಂತೆ. ಮೊದಲು ಒಳಗೆ ಬನ್ನಿ."